ಒಂದೇ ಕೆಫೀನ್, ಎರಡು ದಾರಿ: ಚಹಾ ಕುಲದ ವಂಶವಾಹಿ ವಿಚಾರ

ವಯನಾಡಿನ ಇಳಿಜಾರುಗಳಲ್ಲಿ ಚಹಾ ಮತ್ತು ಕಾಫಿ ಹತ್ತಿರಹತ್ತಿರದಲ್ಲೇ ಬೆಳೆಯುತ್ತವೆ. ಎರಡರಲ್ಲಿರುವ ಕೆಫೀನ್ ರಾಸಾಯನಿಕವಾಗಿ ಒಂದೇ ವಸ್ತು. ಆದರೆ ಅದನ್ನು ತಯಾರಿಸುವ ಸಾಮರ್ಥ್ಯ ಈ ಎರಡು ಗಿಡಗಳಿಗೆ ಸಮಾನ ಪೂರ್ವಜನಿಂದ ಬಂದ ಬಳುವಳಿಯಲ್ಲ. ಒಂದೊಂದೂ ಅದನ್ನು ತನ್ನಷ್ಟಕ್ಕೆ ಗಳಿಸಿಕೊಂಡಿದೆ. 2014ರಲ್ಲಿ ಪ್ರಕಟವಾದ ಕಾಫಿಯ ಜೀನೋಮ್ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು.

ಚಹಾದಲ್ಲಿ ಈ ಕಾರ್ಯ ಮುಖ್ಯವಾಗಿ ಎಳೆಯ ಎಲೆಯಲ್ಲಿ ನಡೆಯುತ್ತದೆ. ಝ್ಯಾಂಥೋಸಿನ್ ಎಂಬ ಅಣುವಿಗೆ ಮೊದಲ ಮೀಥೈಲ್ ಗುಂಪು ಸೇರಿದ ಬಳಿಕ ಅದರ ಸಕ್ಕರೆಯ ಭಾಗ ಕಳಚಿಕೊಳ್ಳುತ್ತದೆ. ಎರಡನೆಯ ಗುಂಪು ಸೇರಿದಾಗ ಥಿಯೋಬ್ರೋಮಿನ್, ಮೂರನೆಯದು ಸೇರಿದಾಗ ಕೆಫೀನ್. ಕಾಫಿಯಲ್ಲಿ ಮೂರು ಮೀಥೈಲೀಕರಣಗಳಿಗೆ ಮೂರು ಪ್ರತ್ಯೇಕ ಕಿಣ್ವಗಳಿವೆ. ಚಹಾದಲ್ಲಿಯಾದರೋ ಕೊನೆಯ ಎರಡನ್ನೂ ಕೆಫೀನ್ ಸಿಂಥೇಸ್ ಎಂಬ ಒಂದೇ ಕಿಣ್ವ ನಿರ್ವಹಿಸುತ್ತದೆ. ಅದರ ವಂಶವಾಹಿಯ ವಿವರ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಚಹಾದ ಕಾಡುನಂಟರ ಪ್ರಶ್ನೆ ಇನ್ನೂ ಕುತೂಹಲಕರ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಕೆಮೆಲಿಯಾ ಟೈಲೋಫಿಲ್ಲ ಎಂಬ ಪ್ರಭೇದಕ್ಕೆ 'ಕೋಕೋ ಚಹಾ' ಎಂಬ ರೂಢಿಯ ಹೆಸರುಂಟು. ಕೋಕೋ ಬೀಜದಂತೆ ಅದರ ಎಲೆಯಲ್ಲಿಯೂ ಶೇಖರಗೊಳ್ಳುವುದು ಪ್ರಧಾನವಾಗಿ ಥಿಯೋಬ್ರೋಮಿನ್. ಅದರ ಕಿಣ್ವ ಎರಡನೆಯ ಮೆಟ್ಟಿಲು ಹತ್ತಿ ನಿಲ್ಲುತ್ತದೆ, ಮೂರನೆಯದನ್ನು ಏರಲಾರದು. ಹೀಗೆ ನಿಲ್ಲುವುದಕ್ಕೆ ಕಿಣ್ವವು ಇಡಿಯಾಗಿ ಬದಲಾಗಬೇಕಿಲ್ಲ; 269ನೆಯ ಸ್ಥಾನದ ಅಮೈನೊ ಆಮ್ಲವೊಂದರ ವ್ಯತ್ಯಾಸವೇ ನಿರ್ಣಾಯಕ. ಯುನ್ನಾನಿನ 'ಕುಚಾ' (ಹೆಸರಿನ ಅರ್ಥವೇ ಕಹಿ ಚಹಾ) ಇದಕ್ಕೆ ವಿರುದ್ಧ ದಿಕ್ಕಿನದು: ಅದು ಕೆಫೀನನ್ನೂ ದಾಟಿ ಥಿಯಾಕ್ರಿನ್ ತಯಾರಿಸುತ್ತದೆ.

ಈ ಭಿನ್ನತೆಗೆ ಕೃಷಿಯ ಮಹತ್ವವಿದೆ. ಕಾರ್ಖಾನೆಯಲ್ಲಿ ಕೆಫೀನ್ ತೆಗೆಯುವಾಗ ಚಹಾದ ಪರಿಮಳವೂ ಸ್ವಲ್ಪಮಟ್ಟಿಗೆ ಹೋಗುತ್ತದೆ. ಗಿಡದಲ್ಲಿಯೇ ಕೆಫೀನ್ ಕಡಿಮೆಯಾಗಿದ್ದರೆ ಆ ನಷ್ಟವಿಲ್ಲ. ಆದರೆ ಚಹಾ ತನ್ನದೇ ಪರಾಗವನ್ನು ಸುಲಭವಾಗಿ ಒಪ್ಪದು. ಬೀಜದಿಂದ ಬೆಳೆದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಆಯ್ದ ಗುಣವನ್ನು ಉಳಿಸಿಕೊಳ್ಳಲು ಕಡ್ಡಿ ನೆಟ್ಟು ಬೆಳೆಸುವುದೇ ದಾರಿ. ಕಾಡುತಳಿಗಳ ವಂಶವಾಹಿಗಳನ್ನು ತೋಟಕ್ಕೆ ತರುವುದೆಂದರೆ ಹಲವು ವರ್ಷಗಳ ಕೆಲಸ. ಆ ಮರಗಳಾದರೋ ಸೀಮಿತ ಪ್ರದೇಶಗಳಲ್ಲಿ ಮಾತ್ರ ಉಳಿದಿವೆ.

ಇನ್ನೊಂದು ತೊಡಕು: ಕೆಫೀನ್ ಮನುಷ್ಯನ ಸಲುವಾಗಿ ಹುಟ್ಟಿದ್ದಲ್ಲ. ಕಾಫಿಯ ಮೂರು ವಂಶವಾಹಿಗಳನ್ನು ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿ ಅದರಲ್ಲಿ ಕೆಫೀನ್ ಉತ್ಪಾದಿಸಿದ ಪ್ರಯೋಗದಲ್ಲಿ, ಎಲೆ ತಿನ್ನುವ ಹುಳುಗಳು ಆ ಎಲೆಗಳನ್ನು ಬಿಟ್ಟು ಸಾಧಾರಣ ಎಲೆಗಳತ್ತ ಹೋದವು. ಕೆಫೀನ್ ಕುಂದಿದ ಚಹಾ ನೀಲಗಿರಿಯ ಸಣ್ಣ ಹಿಡುವಳಿದಾರನ ತೋಟಕ್ಕೆ ಬಂದರೆ, ಕೀಟಗಳ ವಿರುದ್ಧ ಅದಕ್ಕೆ ಬೇರೆ ರಕ್ಷಣೆ ಏನಿರಬೇಕೆಂಬುದನ್ನು ತಳಿವಿಜ್ಞಾನಿಗಳು ಮೊದಲೇ ಲೆಕ್ಕಹಾಕಬೇಕಾಗುತ್ತದೆ.