ಕಾಲು ನೆಲಕ್ಕೂರದ ಸವಾರರು

೧೯೬೧ರ ಮೇ ತಿಂಗಳು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಗಾರ್ಡನ್ ಜಾಕ್ಸನ್ ಎಂಬ ಆಂಗ್ಲ ಸವಾರನು ತನ್ನ ಎ.ಜೆ.ಎಸ್. ಮೋಟಾರ್ ಸೈಕಲ್ಲನ್ನೇರಿ ಆರು ದಿನಗಳ ಕಾಲ ಬಂಡೆಗಳ ಮೇಲೆ, ಹಳ್ಳಗಳ ನಡುವೆ, ಜಾರುವ ಕೆಸರಿನಲ್ಲಿ ಸಾಗಿದನು. ಆರನೆಯ ದಿನ ಲೆಕ್ಕ ಮಾಡಿ ನೋಡಿದಾಗ ಆತನು ಕಳೆದುಕೊಂಡಿದ್ದ ಅಂಕ ಒಂದೇ ಒಂದು. ಎಂದರೆ, ಆ ಆರು ದಿನಗಳ ಪರೀಕ್ಷೆಗಳಲ್ಲೆಲ್ಲ ಸೇರಿ ಆತನ ಪಾದ ನೆಲವನ್ನು ಮುಟ್ಟಿದ್ದು ಒಂದೇ ಒಂದು ಸಲ!

ಮೋಟಾರ್ ಸೈಕಲ್ ಪಂದ್ಯವೆಂದೊಡನೆ ಕಣ್ಣ ಮುಂದೆ ನಿಲ್ಲುವುದು ಧೂಳೆಬ್ಬಿಸಿ ಬಾಣದಂತೆ ಹಾರಿಹೋಗುವ ಗಾಡಿಗಳ ಚಿತ್ರ. 'ಟ್ರಯಲ್ಸ್' ಎಂಬ ಈ ಪಂದ್ಯ ಅದಕ್ಕೆ ತೀರ ವಿರುದ್ಧವಾದುದು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ನಡೆದು ಹೋಗುವವನು ಕೂಡ ಗಾಡಿಯನ್ನು ಹಿಂದೆ ಹಾಕಬಹುದು. ಆದರೆ ಆ ದಾರಿಯಲ್ಲಿ ನಡೆಯುವುದಕ್ಕೇ ಎರಡು ಕೈಗಳನ್ನೂ ಊರಬೇಕಾದೀತು, ಅಷ್ಟೆ. ಬಂಡೆಗಳ ರಾಶಿ, ಪಾಚಿಗಟ್ಟಿದ ತೊರೆ, ಮರದ ಬೇರುಗಳು ಹೆಣೆದುಕೊಂಡ ಕಡಿದಾದ ಏರು—ಇಂಥ ಸ್ಥಳಗಳನ್ನು ಆರಿಸಿ, ಎರಡು ಬದಿಗೂ ಗುರುತು ನೆಟ್ಟು, 'ಸೆಕ್ಷನ್' ಎಂದು ಕರೆಯುತ್ತಾರೆ. ಪ್ರತಿಯೊಂದರ ಬಳಿಯೂ ಒಬ್ಬ ಪರೀಕ್ಷಕ ಕಣ್ಣಿಟ್ಟು ನಿಂತಿರುತ್ತಾನೆ. ಸವಾರ ಒಂದು ಸಲ ಕಾಲೂರಿದರೆ ಒಂದು ಅಂಕ ದಂಡ. ಹಲವು ಸಲ ಊರಿದರೆ ಮೂರು. ಬಿದ್ದರೆ, ಇಲ್ಲವೆ ಗುರುತು ದಾಟಿ ಹೊರಗೆ ಹೋದರೆ ಐದು. ಕೊನೆಗೆ ಯಾರ ಲೆಕ್ಕದಲ್ಲಿ ದಂಡ ಕಡಿಮೆಯೋ ಆತನೇ ವಿಜಯಿ. ಸೊನ್ನೆ ತಂದು ಮನೆಯವರಿಂದ ಹೊಗಳಿಸಿಕೊಳ್ಳಬಹುದಾದ ವಿದ್ಯೆ ಬಹುಶಃ ಇದೊಂದೇ.

ಸವಾರನು ಆಸನದ ಮೇಲೆ ಕೂರುವುದಿಲ್ಲ. ಫುಟ್‌ರೆಸ್ಟುಗಳ ಮೇಲೆ ನಿಂತು, ದೊಂಬರಾಟದ ಹಗ್ಗದ ಮೇಲೆ ನಡೆಯುವವನಂತೆ ಮೈಯನ್ನು ಅತ್ತಿತ್ತ ತೂಗಿಸುತ್ತ ಸಮತೋಲ ಕಾಯುತ್ತಾನೆ. ಚಕ್ರ ಕಲ್ಲನ್ನು ಕಚ್ಚಿ ಹಿಡಿಯಲೆಂದು ಟೈರಿನಲ್ಲಿ ಗಾಳಿಯನ್ನು ತೀರ ಕಡಿಮೆ ಇಟ್ಟಿರುತ್ತಾರೆ. ಎಂಜಿನ್ ನಡೆಯುವುದು ಕುಡಿನೀರು ಸುರಿದಂತೆ ಸಣ್ಣಗೆ, ಎಡೆಬಿಡದೆ.

ಈ ಕಲೆಯ ತವರು ಬ್ರಿಟನ್. ೧೯೦೯ರಲ್ಲಿ ಆರಂಭವಾದ 'ಸ್ಕಾಟಿಷ್ ಸಿಕ್ಸ್ ಡೇಸ್' ಎಂಬ ಆರು ದಿನಗಳ ಪರೀಕ್ಷೆ ಇದರ ಕಾಶಿಯಿದ್ದಂತೆ. ನಮ್ಮ ಬೀದಿಗಳಲ್ಲಿ ಗುಡುಗುಡು ಸದ್ದಿನೊಡನೆ ಓಡಾಡುವ ಬುಲೆಟ್ ಗಾಡಿಗೂ ಈ ಕಾಶಿಗೂ ನೇರವಾದ ನಂಟಿದೆಯೆಂದರೆ ಓದುಗರು ಬೆರಗಾದಾರು. ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಅಳವಡಿಸಿದರೆ ಕೆಸರಿನಲ್ಲಿ ಹಿಡಿತ ತಪ್ಪುತ್ತದೆಂದು ಪಳಗಿದವರೆಲ್ಲ ನಂಬಿದ್ದ ಕಾಲದಲ್ಲಿ, ೧೯೪೮ರಲ್ಲಿ, ರಾಯಲ್ ಎನ್‌ಫೀಲ್ಡಿನವರು ಹಾಗೆ ಸ್ಪ್ರಿಂಗ್ ಅಳವಡಿಸಿದ ಹೊಸ ಬುಲೆಟ್ಟನ್ನು ಟ್ರಯಲ್ಸ್ ಕಣಕ್ಕೇ ಇಳಿಸಿ ಪರೀಕ್ಷಿಸಿದರು. ೧೯೫೨ರಲ್ಲಿ ಜಾನಿ ಬ್ರಿಟನ್ ಎಂಬ ತರುಣನು ೩೫೦ ಸಿ.ಸಿ. ಬುಲೆಟ್ಟಿನ ಮೇಲೆ ಆರು ದಿನಗಳ ಪರೀಕ್ಷೆಯನ್ನು ಗೆದ್ದನು. ೧೯೫೭ರಲ್ಲಿ ಮತ್ತೊಮ್ಮೆ ಗೆದ್ದನು. ಮದರಾಸಿನ ಕಾರ್ಖಾನೆಯಿಂದ ಹೊರಬಂದು ನಮ್ಮ ದೇಶವನ್ನೆಲ್ಲ ಸುತ್ತಿದ ಗಾಡಿಯ ಪೂರ್ವಜ ಇದೇ.

ಈ ಪಂದ್ಯದ ಸವಾರರಲ್ಲಿ ಸಾರ್ವಕಾಲಿಕ ಶ್ರೇಷ್ಠರು ಯಾರು? ಬಲ್ಲವರು ನಾಲ್ವರು ಕೂಡಿದಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ. ಗೆದ್ದ ವಿಶ್ವ ಪ್ರಶಸ್ತಿಗಳನ್ನು ಎಣಿಸಿದರೆ ಉತ್ತರ ಅರ್ಧ ನಿಮಿಷದಲ್ಲಿ ಸಿಕ್ಕುತ್ತದೆ. ಆದರೆ ಆ ಎಣಿಕೆಯಲ್ಲಿ ಒಂದು ದೊಡ್ಡ ಅನ್ಯಾಯ ಅಡಗಿದೆ. ವಿಶ್ವ ಚಾಂಪಿಯನ್ ಪಟ್ಟ ಹುಟ್ಟಿದ್ದೇ ೧೯೭೫ರಲ್ಲಿ. ಅದಕ್ಕಿಂತ ಮೊದಲು ಆಡಿ ಮುಗಿಸಿದವನ ಹೆಸರಿನ ಮುಂದೆ ಬೀಳುವುದು ಸೊನ್ನೆ. ಟ್ರಯಲ್ಸಿನಲ್ಲಿ ಸೊನ್ನೆ ಒಳ್ಳೆಯದೇ. ಆದರೆ ಈ ಸೊನ್ನೆಯಲ್ಲ.

ಬೆಲ್‌ಫಾಸ್ಟಿನ ಹಟವಾದಿ

ಸ್ಯಾಮಿ ಮಿಲ್ಲರ್ ಹುಟ್ಟಿದ್ದು ೧೯೩೩ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ಮೊದಮೊದಲು ಈತ ವೇಗದ ಪಂದ್ಯಗಳಲ್ಲಿಯೂ ಹೆಸರು ಮಾಡಿದವನು. ೧೯೫೭ರಲ್ಲಿ ಇಟಲಿಯ ಮೊಂಡಿಯಾಲ್ ಗಾಡಿಯೇರಿ ೨೫೦ ಸಿ.ಸಿ. ವರ್ಗದ ವಿಶ್ವ ಸ್ಪರ್ಧೆಯಲ್ಲಿ ಮೂರನೆಯವನಾದ. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿ.ಟಿ. ಪಂದ್ಯದಲ್ಲಿ ಗುರಿ ಇನ್ನೇನು ಕಣ್ಣಿಗೆ ಬೀಳಬೇಕೆನ್ನುವಾಗ ಉರುಳಿಬಿದ್ದ. ಬೇರೆಯವನಾಗಿದ್ದರೆ ಅಲ್ಲಿಯೇ ಕೂತು ಹಣೆ ಬಡಿದುಕೊಳ್ಳುತ್ತಿದ್ದ. ಈತ ಗಾಡಿಯನ್ನು ಎತ್ತಿ ನಿಲ್ಲಿಸಿ, ತಳ್ಳಿಕೊಂಡೇ ಗುರಿ ಮುಟ್ಟಿ, ಐದನೆಯ ಸ್ಥಾನ ಪಡೆದ.

ವೇಗದ ಪಂದ್ಯಗಳನ್ನು ಬಿಟ್ಟು ಟ್ರಯಲ್ಸಿಗೆ ತನ್ನನ್ನು ಒಪ್ಪಿಸಿಕೊಂಡ ಮೇಲೆ ಮಿಲ್ಲರನು ಬ್ರಿಟಿಷ್ ಚಾಂಪಿಯನ್ ಪಟ್ಟವನ್ನು ೧೯೫೯ರಿಂದ ೧೯೬೯ರವರೆಗೆ ಸತತವಾಗಿ ೧೧ ಸಲ ಗೆದ್ದನು. ಆಗ ಆತ ಏರುತ್ತಿದ್ದುದು ೫೦೦ ಸಿ.ಸಿ.ಯ ಏರಿಯಲ್. ಸೋಜಿಗವೆಂದರೆ, ಏರಿಯಲ್ ಕಂಪನಿ ಆ ಬಗೆಯ ಗಾಡಿಗಳನ್ನು ತಯಾರಿಸುವುದನ್ನು ೧೯೫೯ರ ಹೊತ್ತಿಗೇ ನಿಲ್ಲಿಸಿತ್ತು. ಕಾರ್ಖಾನೆ ಕೈಬಿಟ್ಟ ಗಾಡಿಯನ್ನು ಸವಾರ ಕೈಬಿಡಲಿಲ್ಲ. ಹಗುರವಾದ ಉಕ್ಕಿನ ಕೊಳವೆಗಳಿಂದ ಹೊಸ ಚೌಕಟ್ಟು ಕಟ್ಟಿದ. ಲೋಹದ ಟ್ಯಾಂಕನ್ನು ತೆಗೆದು ಫೈಬರ್‌ಗ್ಲಾಸಿನದನ್ನು ಕೂರಿಸಿದ. ಬೇಡವಾದುದನ್ನೆಲ್ಲ ಅರದಿಂದ ಉಜ್ಜಿ ಕಳೆದ. ಅಷ್ಟೆಲ್ಲ ಮಾಡಿದರೂ ಅದು ಸುಮಾರು ೧೧೦ ಕಿಲೋ ತೂಗುತ್ತಿತ್ತು.

ಇದರಾಚೆಗೆ ಇಳಿಸಲು ಏರಿಯಲ್ಲಿನಲ್ಲಿ ಏನೂ ಉಳಿದಿರಲಿಲ್ಲ. ಆ ವೇಳೆಗೆ ಸ್ಪೇನಿನ ಬಾರ್ಸಿಲೋನಾದ ಬಳಿ ಬುಲ್ಟಾಕೋ ಎಂಬ ಕಂಪನಿಯನ್ನು ನಡೆಸುತ್ತಿದ್ದ ಫ್ರಾನ್ಸಿಸ್ಕೋ ಬುಲ್ಟೋನಿಂದ ಕರೆ ಬಂತು. ಬುಲ್ಟೋನ ಬಳಿ ಟೂ-ಸ್ಟ್ರೋಕ್ ಎಂಜಿನ್ನಿನ ಹಗುರ ಗಾಡಿಗಳಿದ್ದುವು. ಆದರೆ ಟೂ-ಸ್ಟ್ರೋಕಿನ ಶಕ್ತಿ ಥಟ್ಟನೆ ಮೇಲೇಳುತ್ತದೆ, ಜಾರುವ ಕಲ್ಲಿನ ಮೇಲೆ ಅದು ಕೆಲಸಕ್ಕೆ ಬಾರದು ಎಂಬುದು ಬ್ರಿಟನ್ನಿನ ಹಳಬರ ಮತ. ಮಿಲ್ಲರ್ ೧೯೬೪ರಲ್ಲಿ ಸ್ಪೇನಿಗೆ ಹೋದ. ಅಲ್ಲಿನ ಬೆಟ್ಟಗಳಲ್ಲಿ ಓಡಿಸುವುದು, ಬಂದು ಬಿಚ್ಚುವುದು, ಚೌಕಟ್ಟಿನ ಅಳತೆ ತಿದ್ದುವುದು, ಎಂಜಿನ್ನಿನ ಉದ್ವೇಗವನ್ನು ತಗ್ಗಿಸುವುದು, ಮತ್ತೆ ಓಡಿಸುವುದು—ಹೀಗೆ ದುಡಿದು 'ಶೆರ್ಪಾ' ಎಂಬ ೨೫೦ ಸಿ.ಸಿ. ಗಾಡಿಯನ್ನು ಸಿದ್ಧಪಡಿಸಿದ. ಅದರ ತೂಕ ೯೦ ಕಿಲೋ ಆಸುಪಾಸು. ೧೯೬೫ರಲ್ಲಿ ಅದನ್ನೇರಿ ಸ್ಕಾಟಿಷ್ ಪರೀಕ್ಷೆಯನ್ನು ಗೆದ್ದ. ಆ ಪರೀಕ್ಷೆಯ ಚರಿತ್ರೆಯಲ್ಲಿ ಪರದೇಶದ ಗಾಡಿಯೊಂದು ಗೆದ್ದದ್ದು ಅದೇ ಮೊದಲು.

ಇದರ ಪರಿಣಾಮವನ್ನು ತುಸು ಯೋಚಿಸಬೇಕು. ಟ್ರಯಲ್ಸ್ ಎಂದರೆ ಬ್ರಿಟಿಷ್ ಗಾಡಿ ಎಂದು ಅರ್ಧ ಶತಮಾನದಿಂದ ನಂಬಿದ್ದ ನಾಡು ಅದು. ಅಲ್ಲಿನ ಅಗ್ರಮಾನ್ಯ ಸವಾರನೇ ಸ್ಪೇನಿನ ಗಾಡಿ ಹತ್ತಿದಾಗ ಇತರರೂ ಅದೇ ದಾರಿ ಹಿಡಿದರು. ೧೯೬೯ರಲ್ಲಿ ಬಿಲ್ ವಿಲ್ಕಿನ್ಸನ್ ಗ್ರೀವ್ಸ್ ಗಾಡಿಯಿಂದ ಗೆದ್ದ ಬಳಿಕ ಸ್ಕಾಟಿಷ್ ಗೆಲುವು ಬ್ರಿಟಿಷ್ ಗಾಡಿಗಳ ಕೈತಪ್ಪಿತು. ಮುಂದಿನ ವರ್ಷಗಳಲ್ಲಿ ಆಸ್ಸಾ, ಯಮಹಾ, ಬುಲ್ಟಾಕೋ, ಮೊಂಟೆಸಾಗಳದೇ ರಾಜ್ಯಭಾರ. ಮಿಲ್ಲರ್ ತಾಯ್ನಾಡಿನ ಉದ್ಯಮಕ್ಕೆ ದ್ರೋಹ ಬಗೆದನೆ? ಹಾಗೆನ್ನುವುದು ಸಲ್ಲದು. ತಾನು ತಯಾರಿಸುವುದನ್ನೇ ನಿಲ್ಲಿಸಿದ ಗಾಡಿಯ ಮೇಲೆ ವರ್ಷಗಟ್ಟಲೆ ಕೀರ್ತಿ ಪಡೆದ ಉದ್ಯಮವು ಸವಾರನನ್ನು ದೂರುವುದು ಹೇಗೆ?

ಆರು ದಿನಗಳ ಪರೀಕ್ಷೆಯಲ್ಲಿ ಐದು ಗೆಲುವು, ೧೯೬೮ ಮತ್ತು ೧೯೭೦ರಲ್ಲಿ ಯೂರೋಪಿನ ಪ್ರಶಸ್ತಿ, ಸಣ್ಣಪುಟ್ಟ ಪಂದ್ಯಗಳನ್ನೂ ಸೇರಿಸಿದರೆ ಸಾವಿರಕ್ಕೂ ಮೀರಿದ ಜಯಗಳು. ಮುಂದೆ ಹೋಂಡಾ ಕಂಪನಿಗೂ ಟ್ರಯಲ್ಸ್ ಗಾಡಿ ಬೇಕಾದಾಗ ಅವರು ಹುಡುಕಿಕೊಂಡು ಬಂದದ್ದು ಈತನನ್ನೇ. ಮೊದಲ ಸ್ಥಾನ ಮಿಲ್ಲರನಿಗೆ.

ಎಣಿಕೆಗೆ ನಿಲುಕದವನು

ಹೀಗೆಂದೊಡನೆ ತರುಣರು ಸಿಡಿದೇಳುವುದು ಖಂಡಿತ. ಟೋನಿ ಬೌ ಎಲ್ಲಿ ಹೋದ ಎಂದು ಅವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಬಾರ್ಸಿಲೋನಾ ಪ್ರಾಂತದ ಪಿಯೆರಾ ಎಂಬ ಊರಿನಲ್ಲಿ ೧೯೮೬ರಲ್ಲಿ ಹುಟ್ಟಿದ ಬೌ, ೨೦೦೭ರಿಂದ ೨೦೨೪ರವರೆಗೆ ಒಂದು ವರ್ಷವೂ ಬಿಡದೆ ಬಯಲಿನ ವಿಶ್ವ ಪ್ರಶಸ್ತಿಯನ್ನು ೧೮ ಸಲ ಗೆದ್ದ. ಅಷ್ಟೇ ವರ್ಷಗಳಲ್ಲಿ ಒಳಾಂಗಣದ ವಿಶ್ವ ಪ್ರಶಸ್ತಿಯನ್ನೂ ೧೮ ಸಲ ಗೆದ್ದ. ಒಟ್ಟು ೩೬! ಬೇರಾವ ಕ್ರೀಡೆಯಲ್ಲಿಯೂ ಇಷ್ಟು ದೀರ್ಘವಾದ ಏಕಚಕ್ರಾಧಿಪತ್ಯವನ್ನು ಹುಡುಕುವುದು ಕಷ್ಟ. ಆಳೆತ್ತರವನ್ನು ಮೀರಿದ ಬಂಡೆಯ ಬುಡದಲ್ಲಿ ನಿಂತು, ಒಂದು ಸಲ ಎಂಜಿನ್ನನ್ನು ಗರ್ಜಿಸಿ, ಗಾಡಿಯೊಡನೆ ಬೆಕ್ಕಿನಂತೆ ನೆತ್ತಿಗೆ ನೆಗೆಯುತ್ತಾನೆ.

೨೦೧೩ರಲ್ಲಿ ನಿಯಮಗಳು ಬದಲಾದುವು. ಸೆಕ್ಷನ್ನಿನ ನಡುವೆ ನಿಂತು ಸಮತೋಲ ಸರಿಪಡಿಸಿಕೊಳ್ಳುವುದನ್ನು ನಿಷೇಧಿಸಿದರು. ನಿಂತು ನೆಗೆಯುವುದರಲ್ಲಿಯೇ ಬೌನ ಶಕ್ತಿಯಿದೆಯೆಂದು ಭಾವಿಸಿದ್ದವರು ಇನ್ನಾದರೂ ಸೋತಾನೆಂದು ಕಾದರು. ಬೌ ನಿಲ್ಲದೆಯೂ ಗೆದ್ದ.

ಮಿಲ್ಲರನನ್ನೂ ಬೌನನ್ನೂ ಒಂದೇ ಬಂಡೆಯ ಮುಂದೆ ನಿಲ್ಲಿಸಿದರೆ ಬೌ ಹತ್ತಿದ್ದನ್ನು ಮಿಲ್ಲರ್ ನೋಡುತ್ತ ನಿಲ್ಲಬೇಕಾದೀತು. ಅದರಲ್ಲಿ ಸಂದೇಹವಿಲ್ಲ. ಆದರೆ ಬೌ ಏರಿದ ಮೊಂಟೆಸಾ ಗಾಡಿ ಸುಮಾರು ೭೦ ಕಿಲೋ ತೂಕದ್ದು. ಪಳಗಿದ ಎಂಜಿನಿಯರುಗಳು ಅದನ್ನು ಆತನಿಗಾಗಿಯೇ ಅಣಿಗೊಳಿಸುತ್ತಾರೆ. ಮಿಲ್ಲರ್ ತನ್ನ ಗಾಡಿಗೆ ತಾನೇ ಎಂಜಿನಿಯರ್. ಆದ್ದರಿಂದ ಎರಡನೆಯ ಸ್ಥಾನ. ಆದರೆ ಅಂತರ ಕೂದಲೆಳೆಯಷ್ಟೆ.

ಬೌನ ಈ ನೆಗೆತದ ವಿದ್ಯೆ ಆಕಾಶದಿಂದ ಬಿದ್ದುದಲ್ಲ. ಅದಕ್ಕೊಬ್ಬ ಗುರುವಿದ್ದಾನೆ. ಸ್ಪೇನಿನವನೇ ಆದ ಜೋರ್ಡಿ ಟಾರೆಸ್ ಬಾಲ್ಯದಲ್ಲಿ ಪೆಡಲ್ ತುಳಿಯುವ ಸಾಮಾನ್ಯ ಸೈಕಲ್ಲಿನ ಮೇಲೆ ಇದೇ ಬಗೆಯ ಆಟವಾಡಿ ಬೆಳೆದವನು. ಸೈಕಲ್ಲಿಗೆ ಎಂಜಿನ್ನಿಲ್ಲ, ಹತ್ತಬೇಕಾದರೆ ಮೈಯೇ ನೆಗೆಯಬೇಕು. ಟಾರೆಸ್ ಆ ಅಭ್ಯಾಸವನ್ನು ಮೋಟಾರ್ ಸೈಕಲ್ಲಿಗೆ ತಂದ. ನಿಂತಲ್ಲಿಯೇ ಮುಂಚಕ್ರವನ್ನೂ ಹಿಂಚಕ್ರವನ್ನೂ ಪುಟಿಸಿ ಪಕ್ಕಕ್ಕೆ ಸರಿಸುವುದು, ಗಾಡಿಯನ್ನು ನಿಲ್ಲಿಸಿ ಮುಂದಿನ ಕಲ್ಲನ್ನು ಅಳೆದು ನೋಡುವುದು ಆತನಿಂದ ಶಾಸ್ತ್ರವೇ ಆಯಿತು. ಅಮೆರಿಕದ ಬರ್ನಿ ಶ್ರೈಬರ್ ಇದರ ಮುನ್ಸೂಚನೆಯನ್ನು ಮೊದಲೇ ಕೊಟ್ಟಿದ್ದನೆನ್ನಬೇಕು. ೧೯೭೯ರಲ್ಲಿ ವಿಶ್ವ ಚಾಂಪಿಯನ್ನನಾದ ಆತನಿಗೆ ಟಾರೆಸನಷ್ಟು ದೀರ್ಘ ಆಳ್ವಿಕೆ ದೊರೆಯಲಿಲ್ಲ. ಟಾರೆಸ್ ೧೯೮೭ರಿಂದ ೧೯೯೫ರ ನಡುವೆ ಏಳು ಸಲ ವಿಶ್ವ ಪ್ರಶಸ್ತಿ ಗೆದ್ದ. ಮಿಲ್ಲರ್ ಗಾಡಿಯನ್ನು ಬದಲಿಸಿದರೆ, ಟಾರೆಸ್ ಸವಾರನ ಮೈಯನ್ನು ಬದಲಿಸಿದ. ಮೂರನೆಯ ಸ್ಥಾನ ಆತನದು.

ಒಂದು ಮನೆತನದ ಕಥೆ

ನಾಲ್ಕನೆಯ ಸ್ಥಾನವನ್ನು ಒಬ್ಬನಿಗೆ ಕೊಟ್ಟರೆ ಒಂದು ಮನೆಗೇ ಕೊಟ್ಟಂತೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಲ್ಯಾಂಪ್ಕಿನ್ ಸೋದರರು ಮೂವರು. ಹಿರಿಯ ಆರ್ಥರ್ ೧೯೬೩ರಲ್ಲಿ ಸ್ಕಾಟಿಷ್ ಪರೀಕ್ಷೆ ಗೆದ್ದ. ನಡುವಿನ ಅಲನ್ ೧೯೬೬ರಲ್ಲಿ. ಕಿರಿಯ ಮಾರ್ಟಿನ್ ೧೯೭೬ರಿಂದ ೧೯೭೮ರವರೆಗೆ ಸತತ ಮೂರು ಸಲ. ೧೯೭೫ರಲ್ಲಿ ಮೊಟ್ಟಮೊದಲ ವಿಶ್ವ ಚಾಂಪಿಯನ್ ಆದವನೂ ಈ ಮಾರ್ಟಿನ್ನನೇ. ಫಿನ್ಲೆಂಡಿನ ಊರ್ಯೋ ವೆಸ್ಟೆರಿನೆನ್‌ನನ್ನು ಒಂದೇ ಅಂಕದಿಂದ ಹಿಂದೆ ಹಾಕಿದ. ಮಾರ್ಟಿನ್ನನ ಮಗ ಡೂಗಿ ತಂದೆಯನ್ನೂ ಮೀರಿಸಿದ. ೧೯೯೭ರಿಂದ ೨೦೦೩ರವರೆಗೆ ಬಯಲಿನಲ್ಲಿ ಸತತ ಏಳು ವಿಶ್ವ ಪ್ರಶಸ್ತಿ, ಒಳಾಂಗಣದಲ್ಲಿ ಐದು. ಮಗ ತಂದೆಯ ಪಟ್ಟವನ್ನೇರುವುದು ಅರಮನೆಗಳಲ್ಲಿ ಸಾಮಾನ್ಯ. ಬಂಡೆಗಳ ಮೇಲೆ ಅಪರೂಪ.

ಮಿಲ್ಲರ್ ಗಾಡಿ ತಳ್ಳಿಕೊಂಡು ಬಂದ ಅದೇ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಡೂಗಿ ೨೦೧೬ರಲ್ಲಿ ಒಂದು ವಿಚಿತ್ರ ಸಾಹಸ ಮಾಡಿದ. ಸುಮಾರು ೬೦ ಕಿಲೋಮೀಟರಿನ ಟಿ.ಟಿ. ಮಾರ್ಗವನ್ನು, ಮುಂದಿನ ಚಕ್ರವನ್ನು ನೆಲಕ್ಕೆ ತಾಗಿಸದೆ, ಹಿಂಚಕ್ರವೊಂದರ ಮೇಲೆಯೇ ಸುತ್ತಿ ಬಂದ. ಒಂದು ಗಂಟೆ ೩೫ ನಿಮಿಷ ಹಿಡಿಯಿತು. ಇದರಿಂದ ಯಾವ ಪ್ರಶಸ್ತಿಯೂ ಬರಲಿಲ್ಲ. ಆದರೆ ನೋಡಿದವರ ಕತ್ತು ನೋಯುವ ಮೊದಲೇ ಆತನ ತೋಳು ಸೋತಿರಬೇಕು.

ಐದನೆಯ ಸ್ಥಾನಕ್ಕೆ ನೂಕುನುಗ್ಗಲು. ಬೆಲ್ಜಿಯಂನ ಎಡ್ಡಿ ಲೆಜೂನ್, ಫ್ರಾನ್ಸಿನ ತಿಯೆರಿ ಮಿಶೋ, ಮಾರ್ಟಿನ್ನನಿಗೆ ಒಂದಂಕದಿಂದ ಸೋತ ವೆಸ್ಟೆರಿನೆನ್—ಮೂವರೂ ಮೂರು ಮೂರು ಸಲ ವಿಶ್ವ ಚಾಂಪಿಯನ್ನರು. ವೆಸ್ಟೆರಿನೆನ್ ೧೯೮೦ರಲ್ಲಿ ಸ್ಕಾಟಿಷ್ ಪರೀಕ್ಷೆಯನ್ನು ಗೆದ್ದ ಮೊದಲ ಪರದೇಶದ ಸವಾರನೂ ಹೌದು. ಆ ಕಾರಣಕ್ಕೆ ತಕ್ಕಡಿ ಆತನತ್ತ ವಾಲುತ್ತದೆ. ಸ್ತ್ರೀಯರ ವಿಶ್ವ ಪ್ರಶಸ್ತಿಯನ್ನು ೧೩ ಸಲ ಗೆದ್ದ ಸ್ಪೇನಿನ ಲೈಯಾ ಸಾನ್ಸ್‌ಳನ್ನು ಈ ಗಂಡಸರ ಸಾಲಿನಲ್ಲಿ ಅಳೆಯುವುದು ಸಲ್ಲದು. ಆಕೆಯದು ಬೇರೆಯೇ ಸಿಂಹಾಸನ. ೨೦೧೫ರ ಡಾಕರ್ ಮರುಭೂಮಿ ಪಂದ್ಯದಲ್ಲಿ ಗಂಡಸರೊಡನೆಯೇ ಓಡಿ ಒಂಬತ್ತನೆಯವಳಾಗಿ ಬಂದು ಆಕೆ ಅದನ್ನೂ ತೋರಿಸಿಕೊಟ್ಟಳು.

ಈ ಪಟ್ಟಿಗೆ ಸೇರದೆಯೂ ಮನಸ್ಸಿನಲ್ಲಿ ಉಳಿಯುವವನು ಜಪಾನಿನ ತಕಹಿಸಾ ಫುಜಿನಾಮಿ. ೧೯೯೯ರಿಂದ ೨೦೦೩ರವರೆಗೆ ಐದು ವರ್ಷ ಸತತವಾಗಿ ಡೂಗಿ ಲ್ಯಾಂಪ್ಕಿನ್ನನ ಹಿಂದೆ ಎರಡನೆಯವನಾಗಿ ನಿಂತ. ಆರನೆಯ ವರ್ಷ, ೨೦೦೪ರಲ್ಲಿ, ಕಿರೀಟ ಆತನ ತಲೆಗೇರಿತು. ಅದೊಂದೇ ಸಲ. ಅನಂತರವೂ ಹದಿನೇಳು ವರ್ಷ ಬಂಡೆಗಳನ್ನೇರುತ್ತಲೇ ಇದ್ದು, ೨೦೨೧ರಲ್ಲಿ ನಿವೃತ್ತನಾಗಿ, ಮರುವರ್ಷ ತನ್ನ ತಂಡಕ್ಕೇ ಮೇಲ್ವಿಚಾರಕನಾದ. ಆ ತಂಡದ ಸವಾರ ಟೋನಿ ಬೌ.