ಅಷ್ಟೂರಿನಿಂದ ಗೋರಟಾವರೆಗೆ: ಆಳಿದವರ ನೆನಪು ಉಳಿಯುವ ಬಗೆ

ಬೀದರ್ ನಗರದ ಪೂರ್ವಕ್ಕೆ, ಕೆಲವೇ ಕಿಲೋಮೀಟರ್ ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಬಯಲಿನ ನಡುವೆ ಸಾಲಾಗಿ ನಿಂತಿವೆ. ಅವುಗಳಲ್ಲಿ ಎರಡು ಗೋರಿಗಳಿಗೆ ಜನರ ನೆನಪಿನಲ್ಲಿ ದಕ್ಕಿರುವ ಸ್ಥಾನ ಒಂದಕ್ಕೊಂದು ತೀರ ವಿರುದ್ಧವಾದದ್ದು. ಒಂದು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾಹನದು. 1422ರಿಂದ 1436ರವರೆಗೆ ಆಳಿದ ಈ ದೊರೆಯ ಹೆಸರಿನ ಮುಂದೆ ಸಂತನೆಂಬ ಅರ್ಥದ ‘ವಲಿ’ ಸೇರಿಕೊಂಡಿದೆ. ಇನ್ನೊಂದು ಅವನ ಮೊಮ್ಮಗ, 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಶಾಹನದು. ಅವನ ಹೆಸರಿನ ಮುಂದೆ ಸೇರಿರುವುದು ಕ್ರೂರಿ ಎಂಬ ಅರ್ಥದ ‘ಜಾಲಿಮ್’.

ಚರಿತ್ರೆಯ ಪುಟಗಳನ್ನು ತೆರೆದರೆ ಈ ಹಂಚಿಕೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಅಣ್ಣ ಫಿರೋಜ್ ಶಾಹನ ವಿರುದ್ಧ ಸೈನ್ಯ ಕಟ್ಟಿ ನಿಂತು ಸಿಂಹಾಸನ ಪಡೆದವನು ಅಹ್ಮದ್ ಶಾಹ. ಅಧಿಕಾರ ಬಿಟ್ಟುಕೊಟ್ಟ ಸ್ವಲ್ಪ ದಿನಗಳಲ್ಲೇ ಫಿರೋಜ್ ತೀರಿಕೊಂಡ. ಆಮೇಲೆ ನಡೆದ ವಿಜಯನಗರದ ದಂಡಯಾತ್ರೆಯಲ್ಲಿ ಕೊಲೆಯಾದವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಈ ಸುಲ್ತಾನ ಮೂರು ದಿನ ನಿಂತು ಔತಣ ನಡೆಸುತ್ತಿದ್ದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಫೆರಿಶ್ತಾ ಬರೆದದ್ದು ಸುಮಾರು 180 ವರ್ಷಗಳ ನಂತರ, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕುಳಿತು. ಹೀಗಾಗಿ ಸಂಖ್ಯೆಯನ್ನು ನಂಬಲೇಬೇಕಿಲ್ಲ, ಆದರೆ ಆ ಯುದ್ಧ ಭೀಕರವಾಗಿತ್ತೆಂಬುದನ್ನು ತಳ್ಳಿಹಾಕುವಂತೆಯೂ ಇಲ್ಲ. ಅದೇ ಗ್ರಂಥ, ಬರಗಾಲದಲ್ಲಿ ಈ ದೊರೆ ಬಯಲಿಗೆ ಹೋಗಿ ಪ್ರಾರ್ಥಿಸಿದಾಗ ಮಳೆ ಸುರಿಯಿತು, ಅಂದಿನಿಂದ ಜನ ಅವನನ್ನು ವಲಿ ಎಂದು ಕರೆದರು ಎಂದೂ ಹೇಳುತ್ತದೆ. ಜನರು ಉಳಿಸಿಕೊಂಡದ್ದು ಎರಡನೆಯ ಕಥೆಯನ್ನು.

ಅದನ್ನು ಉಳಿಸಿಕೊಂಡ ಬಗೆ ಇನ್ನೂ ಸೋಜಿಗದ್ದು. ಅವನ ಉರುಸು ಹಿಜರಿ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ, ಹಿಂದೂ ಪಂಚಾಂಗದಂತೆ ನಡೆಯುತ್ತದೆ. ಅದಕ್ಕೆ ಮುಂದಾಳಾಗಿ ಬರುವವರು ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು. ಶಂಖ ಊದಿ, ಕಾಯಿ ಒಡೆದು, ಹೂ ಏರಿಸುವ ಭಕ್ತರಲ್ಲಿ ಹಲವರಿಗೆ ಒಳಗೆ ಮಲಗಿರುವವನು ಬರಿಯ ಸುಲ್ತಾನನಲ್ಲ, ಅಲ್ಲಮಪ್ರಭುವಿನ ರೂಪ. ಚಿನ್ನ ಮತ್ತು ಕೆಂಪು ಬಣ್ಣಗಳಲ್ಲಿ ಬಳ್ಳಿಗಳನ್ನೂ ಅರಬಿ, ಪಾರಸಿ ಅಕ್ಷರಗಳನ್ನೂ ಬರೆಸಿರುವ ಆ ಗುಮ್ಮಟದ ಒಳಗೋಡೆಗಳ ಕೆಳಗೆ ಎರಡು ಧರ್ಮಗಳ ಜನ ಒಬ್ಬನೇ ಅರಸನಿಗೆ ಕೈಮುಗಿಯುತ್ತಾರೆ. ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಬೆರಗಿನ ನೆನಪು ಮತ್ತೊಂದು ಇರಲಾರದು.

ಹುಮಾಯೂನನ ಗೋರಿಯ ಕಥೆ ಬೇರೆ. ಸಿಡಿಲು ಬಡಿದು ಅದರ ಗುಮ್ಮಟ ಸೀಳಿ ಬಿದ್ದಿದೆ. ಉಳಿದ ಭಾಗದಲ್ಲಿ ಇಟ್ಟಿಗೆ ಗಾರೆಯ ದಪ್ಪ ಪದರುಗಳು ಹೊರಗಿನಿಂದಲೇ ಕಾಣುತ್ತವೆ. ಗೋರಿಗಳ ಸಾಲಿನಲ್ಲಿ ಒಡೆದು ನಿಂತ ಆ ಒಂದು ಗುಮ್ಮಟ ಕ್ರೂರಿಗೆ ದೇವರು ಕೊಟ್ಟ ಶಿಕ್ಷೆ ಎಂಬ ಮಾತಿಗೆ ಆಧಾರವಾಯಿತು. ಬಹಮನಿಗಳ ಇತಿಹಾಸ ಬರೆದ ಹಾರೂನ್ ಖಾನ್ ಶೇರ್ವಾನಿ ಅವರು ಮಂತ್ರಿ ಮಹಮೂದ್ ಗವಾನನ ಪತ್ರಗಳಂಥ ಸಮಕಾಲೀನ ದಾಖಲೆಗಳನ್ನು ಮುಂದಿಟ್ಟು, ಈ ದೊರೆಯ ಕ್ರೌರ್ಯದ ವರ್ಣನೆ ಬಹುವಾಗಿ ಉಬ್ಬಿದ್ದು ಎಂದು ವಾದಿಸಿದರು. ಆ ವಾದ ಪುಸ್ತಕದಲ್ಲೇ ಉಳಿಯಿತು. ಕಣ್ಣೆದುರು ಸೀಳಿದ ಗುಮ್ಮಟವಿರುವಾಗ ಪತ್ರಗಳ ಸಾಕ್ಷ್ಯಕ್ಕೆ ಬಲ ಕಡಿಮೆ.

ನೆನಪು ಒಬ್ಬೊಬ್ಬರ ತಲೆಯೊಳಗಿನ ಸಂಗ್ರಹ ಮಾತ್ರವಲ್ಲ ಎಂಬುದನ್ನು ಶಾಸ್ತ್ರೀಯವಾಗಿ ವಿವರಿಸಿದ ಮೊದಲಿಗರಲ್ಲಿ ಒಬ್ಬ ಫ್ರಾನ್ಸಿನ ಸಮಾಜವಿಜ್ಞಾನಿ ಮೋರಿಸ್ ಹಾಲ್ಬ್‌ವಾಕ್ಸ್. 1925ರ ಗ್ರಂಥದಲ್ಲಿ ಆತ ಹೇಳಿದ್ದು ಇಷ್ಟು: ಮನುಷ್ಯ ನೆನಪಿಸಿಕೊಳ್ಳುವುದು ತಾನು ಸೇರಿದ ಗುಂಪು ಒದಗಿಸುವ ಚೌಕಟ್ಟಿನೊಳಗೆ, ಮನೆತನ, ಧರ್ಮ, ಊರು, ಹಬ್ಬದ ದಿನ ಇವೆಲ್ಲ ನೆನಪನ್ನು ತೂಗುಹಾಕುವ ಗೋಡೆಗೂಟಗಳು. ಗೂಟ ಕಿತ್ತರೆ ನೆನಪೂ ಕೆಳಗೆ ಬೀಳುತ್ತದೆ. ಇದನ್ನು ಅವನು ಸಾಮೂಹಿಕ ಸ್ಮೃತಿ ಎಂದು ಕರೆದ. ನಾತ್ಸಿಗಳ ಬೂಖೆನ್‌ವಾಲ್ಡ್ ಶಿಬಿರದಲ್ಲಿ 1945ರಲ್ಲಿ ಸತ್ತ ಈ ವಿದ್ವಾಂಸನ ಮಾತು ಅಷ್ಟೂರಿಗೆ ಚೆನ್ನಾಗಿ ಹೊಂದುತ್ತದೆ. ಅಹ್ಮದ್ ಶಾಹನಿಗೆ ವರ್ಷಕ್ಕೊಮ್ಮೆ ಬರುವ ಉರುಸಿನ ದಿನವಿದೆ, ಅದನ್ನು ನಡೆಸುವ ಒಂದು ಮನೆತನವಿದೆ, ಬೇಡಿಕೊಳ್ಳಲು ಮಳೆಯಿದೆ. ಹುಮಾಯೂನನಿಗೆ ಇರುವುದು ಒಡೆದ ಗುಮ್ಮಟ ಮಾತ್ರ.

ನಾಯಕ ಸತ್ತೊಡನೆ ಜನರ ತೀರ್ಪಿನಲ್ಲಿ ಆಗುವ ಬದಲಾವಣೆಯನ್ನು ಮನೋವಿಜ್ಞಾನಿಗಳು ಪ್ರಯೋಗಗಳಲ್ಲಿ ಅಳೆದಿದ್ದಾರೆ. ಅಮೆರಿಕದ ಸ್ಕಾಟ್ ಆಲಿಸನ್ ಮತ್ತು ಸಂಗಡಿಗರು ಒಬ್ಬ ನಾಯಕನ ಒಂದೇ ವಿವರಣೆಯನ್ನು ಎರಡು ಗುಂಪುಗಳಿಗೆ ಕೊಟ್ಟು, ಒಂದಕ್ಕೆ ಅವನು ಬದುಕಿದ್ದಾನೆಂದೂ ಇನ್ನೊಂದಕ್ಕೆ ತೀರಿಕೊಂಡನೆಂದೂ ತಿಳಿಸಿದರು. ಸತ್ತವನೆಂದು ತಿಳಿದವರು ಅವನಿಗೆ ಹೆಚ್ಚು ಒಳ್ಳೆಯ ಅಂಕ ಕೊಟ್ಟರು. ಇದನ್ನು ಮರಣೋತ್ತರ ಒಲವು ಎನ್ನಬಹುದು. ಆದರೆ ವಿವರಣೆಯಲ್ಲಿ ನಾಯಕ ಅನೀತಿವಂತನೆಂದು ಸ್ಪಷ್ಟವಾಗಿದ್ದಾಗ ಸಾವು ಅವನನ್ನು ಮತ್ತಷ್ಟು ಕೆಟ್ಟವನನ್ನಾಗಿ ಮಾಡಿತು. ಸತ್ತವನ ಬಗ್ಗೆ ಒಮ್ಮೆ ಮೂಡಿದ ಅಭಿಪ್ರಾಯ, ಹೊಸ ಸಂಗತಿ ತಿಳಿದ ಮೇಲೂ ಸುಲಭವಾಗಿ ಕದಲಲಿಲ್ಲ. ಸಾವು ನಡುವಣ ಬಣ್ಣಗಳನ್ನು ಅಳಿಸಿ, ಎರಡು ತುದಿಗಳನ್ನು ಗಟ್ಟಿ ಮಾಡುತ್ತದೆ. ವಲಿ ಮತ್ತು ಜಾಲಿಮ್ ಎಂಬ ಎರಡು ಬಿರುದುಗಳ ಹಿಂದೆಯೂ ಇದೇ ಗುಣ ಕೆಲಸ ಮಾಡಿರಬೇಕು.

ಐದಾರು ಶತಮಾನ ಕಳೆದ ಮೇಲೆ ಇಂಥ ಹಂಚಿಕೆಯಿಂದ ಯಾರಿಗೂ ನೋವಾಗುವುದಿಲ್ಲ. ನೋವು ಇನ್ನೂ ಹಸಿಯಾಗಿರುವಾಗ ಏನಾಗುತ್ತದೆ ಎಂಬುದಕ್ಕೂ ಇದೇ ಜಿಲ್ಲೆ ಉದಾಹರಣೆ ಒದಗಿಸುತ್ತದೆ. ಜರ್ಮನಿಯ ವಿದ್ವಾಂಸ ಯಾನ್ ಆಸ್ಮಾನ್ ಸಾಮೂಹಿಕ ಸ್ಮೃತಿಯನ್ನು ಎರಡಾಗಿ ನೋಡಿದ. ಕಂಡವರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತ ಬರುವುದು ಬಾಯಿಮಾತಿನ ಸ್ಮೃತಿ. ಅದರ ಆಯುಸ್ಸು ಮೂರು ತಲೆಮಾರು, ಎಂಬತ್ತರಿಂದ ನೂರು ವರ್ಷ. ಆಮೇಲೆ ಉಳಿಯುವುದು ಕಲ್ಲು, ಪಠ್ಯ, ಆಚರಣೆಗಳಲ್ಲಿ ನೆಲೆನಿಂತ ಸಾಂಸ್ಕೃತಿಕ ಸ್ಮೃತಿ ಮಾತ್ರ. ಬೀದರನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಎಂಬತ್ತು ವರ್ಷ ತುಂಬುವುದು 2028ರಲ್ಲಿ. ಭಾಲ್ಕಿಯಲ್ಲಿ, ಔರಾದಿನಲ್ಲಿ ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರದಲ್ಲಿದ್ದಾರೆ.

ಅವರ ಬಾಲ್ಯದ ದೊರೆ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. 1911ರಲ್ಲಿ ಪಟ್ಟಕ್ಕೆ ಬಂದು, 1948ರ ಸೆಪ್ಟೆಂಬರ್ 17ರಂದು ಭಾರತದ ಸೈನ್ಯಕ್ಕೆ ಶರಣಾಗಿ, 1950ರಿಂದ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖನಾಗಿದ್ದು, 1967ರ ಫೆಬ್ರುವರಿ 24ರಂದು ತೀರಿಕೊಂಡವನು. ಹೈದರಾಬಾದ್ ನಗರದಲ್ಲಿ ಇವನ ನೆನಪಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯವಿದೆ, ಆಸ್ಪತ್ರೆಯಿದೆ, ಉಸ್ಮಾನ್ ಸಾಗರವಿದೆ. ಬೀದರಿನ ಕಡೆ ಬಂದರೆ ಆ ನೆನಪು ಬೇರೆಯದೇ ಆಗುತ್ತದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂಬ ಮಾತು ಇಲ್ಲಿನ ಮನೆಮನೆಗೆ ಗೊತ್ತು. ಪಟ್ಟದ್ದೇವರು ಹುಟ್ಟಿದ್ದು ಔರಾದ್ ಕಡೆಯ ಕಮಲನಗರದಲ್ಲಿ, ಬದುಕಿದ್ದು 1999ರವರೆಗೆ. ನಿಜಾಮನ ಆಳ್ವಿಕೆಯ ನೆನಪು ಈ ಭಾಗದಲ್ಲಿ ಅವರ ಬದುಕಿನ ಮೂಲಕವೇ ಹಾದು ಬಂದಿದೆ. ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರಗಳ ಮೇಲೆ ಉದಗೀರದತ್ತ ಹೋಗುವ ರೈಲುದಾರಿಯೂ ನಿಜಾಮ್ ಸರ್ಕಾರದ ಕಾಲದ್ದೇ. ಆದರೆ ರೈಲು ಹತ್ತುವಾಗ ಯಾರೂ ಅವನನ್ನು ನೆನೆಯುವುದಿಲ್ಲ. ದಿನವೂ ಬಳಸುವ ವಸ್ತು ನೆನಪನ್ನು ಹೊತ್ತು ತರುವುದು ಅಪರೂಪ.

ಬಾಯಿಂದ ಬಾಯಿಗೆ ಹೋಗುವಾಗ ಕಥೆ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದ. ಒಬ್ಬನಿಗೆ ಹೇಳಿದ ಕಥೆಯನ್ನು ಅವನಿಂದ ಮತ್ತೊಬ್ಬನಿಗೆ, ಅವನಿಂದ ಇನ್ನೊಬ್ಬನಿಗೆ ಹೇಳಿಸುತ್ತ ಹೋದಾಗ ಅಪರಿಚಿತ ವಿವರಗಳು ಉದುರಿ, ಕೇಳುಗರ ನಿರೀಕ್ಷೆಗೆ ಒಗ್ಗುವ ಆಕಾರ ಉಳಿಯುತ್ತಿತ್ತು. 1965ರ ಯುದ್ಧದ ಹೊತ್ತಿನಲ್ಲಿ ನಿಜಾಮ ದೇಶಕ್ಕೆ 5000 ಕಿಲೋ ಚಿನ್ನ ದಾನ ಕೊಟ್ಟ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಮಾಹಿತಿ ಹಕ್ಕಿನ ಅಡಿ ಹೊರಬಂದ ಉತ್ತರದ ಪ್ರಕಾರ ಅದು 425 ಕಿಲೋ, ಅದೂ ಶೇಕಡಾ 6.5ರ ಬಡ್ಡಿಯ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡುಗಳಲ್ಲಿ ಹೂಡಿದ್ದು. ಬಡ್ಡಿ ಮತ್ತು ಬಾಂಡು ಉದುರಿದವು. ದಾನವೂ ದೊಡ್ಡ ಸಂಖ್ಯೆಯೂ ಉಳಿದವು. ಜಗತ್ತಿನ ಅತಿ ಶ್ರೀಮಂತನೆಂದು 1937ರಲ್ಲಿ ಟೈಮ್ ಪತ್ರಿಕೆಯ ಮುಖಪುಟ ಸೇರಿದವನ ಬಗ್ಗೆ ಜನರ ನಿರೀಕ್ಷೆ ಅಂಥದ್ದು.

ಇನ್ನೊಬ್ಬ ನಾಯಕ ಕಾಸಿಂ ರಜ್ವಿ. ಲಾತೂರಿನಲ್ಲಿ ವಕೀಲನಾಗಿದ್ದು, 1946ರಲ್ಲಿ ಇತ್ತೇಹಾದ್ ಪಕ್ಷದ ಮುಖಂಡತ್ವ ಹಿಡಿದು, ನಿಜಾಮನ ಆಳ್ವಿಕೆಯನ್ನು ಉಳಿಸಲು ಹೊರಟ ರಜಾಕಾರರ ಪಡೆಯನ್ನು ಬೆಳೆಸಿದವನು. 1957ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. 1970ರಲ್ಲಿ ಅಲ್ಲೇ ಸತ್ತ. ಈ ನೆಲದಲ್ಲಿ ಅವನಿಗೆ ಗೋರಿಯಿಲ್ಲ. ಆದರೂ ಹುಟ್ಟಿದ ವರ್ಷ ತಿಳಿಯದ ಹಿರಿಯರು ‘ರಜಾಕಾರರ ಹಾವಳಿ’ಯನ್ನು ಹಿಡಿದೇ ವಯಸ್ಸು ಲೆಕ್ಕ ಹಾಕುತ್ತಿದ್ದರು. ಆ ನೆನಪಿನ ಆಳದಲ್ಲಿರುವುದು ಬಸವಕಲ್ಯಾಣ ಕಡೆಯ ಗೋರಟಾ. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಊರಿಗೆ ನುಗ್ಗಿ ಹತ್ಯಾಕಾಂಡ ನಡೆಸಿದರು. ಸತ್ತವರು ಇನ್ನೂರಕ್ಕೂ ಹೆಚ್ಚು ಎಂಬುದು ಊರಿನ ಮಾತು. ಆ ದುಃಖ ದಶಕಗಳ ಕಾಲ ಬಾಯಿಮಾತಿನಲ್ಲಷ್ಟೇ ಇತ್ತು. ಹುತಾತ್ಮರ ಸ್ಮಾರಕವೂ 103 ಅಡಿಯ ಧ್ವಜಸ್ತಂಭವೂ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಆಸ್ಮಾನ್ ಹೇಳಿದ ಗಡುವು ಮುಗಿಯುವ ಮುನ್ನ, ಬಾಯಿಮಾತು ಕಲ್ಲಾಗಿ ಮಾರ್ಪಟ್ಟ ಗಳಿಗೆ ಅದು.

ಗಡಿಯ ಔರಾದ್ ತಾಲ್ಲೂಕಿನಿಂದ ನೋಡಿದರೆ ಸೆಪ್ಟೆಂಬರ್ 17 ಎಂಬ ಒಂದೇ ದಿನಾಂಕ ಹಲವು ಹೆಸರು ಹೊತ್ತಿರುವುದು ಕಾಣುತ್ತದೆ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಸೆಪ್ಟೆಂಬರ್ 17 ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿದ್ದು, 2019ರ ನಂತರ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಮಹಾರಾಷ್ಟ್ರದ ಪಾಲಾದ ಉದಗೀರದಲ್ಲಿ ಅದು ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ತೆಲಂಗಾಣದಲ್ಲಿ ಸರ್ಕಾರ ಬದಲಾದಂತೆ 2022ರಲ್ಲಿ ರಾಷ್ಟ್ರೀಯ ಏಕತಾ ದಿನ, 2024ರಲ್ಲಿ ಪ್ರಜಾಪಾಲನಾ ದಿನ. ನಿಜಾಮ ಅದೇ ವ್ಯಕ್ತಿ. ಅವನಿಂದ ಬಿಡುಗಡೆಯೋ, ಅವನೊಡನೆ ಏಕೀಕರಣವೋ ಎಂಬುದನ್ನು ಹೇಳುವುದು ಆಯಾ ಕಾಲದ ಪಂಚಾಂಗ.

ಈ ಯಾವ ಹೆಸರಿನೊಳಗೂ ಸೇರದ ಒಂದು ಗುಂಪು ಉಳಿದಿದೆ. ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾಗುವ 1948ರ ಸೆಪ್ಟೆಂಬರಿನ ಸೈನಿಕ ಕ್ರಮದ ವೇಳೆ ಮತ್ತು ಅನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್ ಮುಂದಾಳತ್ವದ ತಂಡವನ್ನು 1948ರ ಕೊನೆಯಲ್ಲಿ ಕಳಿಸಿತು. ಸತ್ತವರು 27,000ದಿಂದ 40,000 ಇರಬಹುದೆಂದು ಆ ತಂಡ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರೂ ಒಂದು. ನೆರೆಯ ಮುಸ್ಲಿಮರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳನ್ನೂ ವರದಿ ದಾಖಲಿಸಿತು. ವರದಿ ಬಹುಕಾಲ ಪ್ರಕಟವಾಗಲೇ ಇಲ್ಲ. ಆ ಸತ್ತವರಿಗೆ ಕಲ್ಲಿಲ್ಲ, ದಿನವಿಲ್ಲ. ರಜ್ವಿ ಬೆಳೆಸಿದ ಪಡೆಯ ಪಾಪದ ಬೆಲೆ ತೆತ್ತವರಲ್ಲಿ ಅವನ ಮುಖವನ್ನೇ ನೋಡದ ರೈತರು, ಕುಶಲಕರ್ಮಿಗಳು ಎಷ್ಟೋ ಜನ ಇದ್ದರು. ಅವರ ನೆನಪು ಇಲ್ಲದೆ ಗೋರಟಾದ ನೆನಪೂ ಪೂರ್ತಿಯಾಗದು.

ಇಂಥ ಮರೆವಿಗೂ ಒಂದು ಕ್ರಮವಿದೆ. ನ್ಯೂಯಾರ್ಕಿನ ವಿಲಿಯಂ ಹರ್ಸ್ಟ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಾತನಾಡುವವನು ಒಂದು ಸಂಗತಿಯ ಒಂದು ಭಾಗವನ್ನು ನೆನಪಿಸಿ ಅದಕ್ಕೆ ಹೊಂದಿಕೊಂಡ ಇನ್ನೊಂದು ಭಾಗವನ್ನು ಬಿಟ್ಟಾಗ, ಕೇಳುತ್ತಿದ್ದವರಲ್ಲಿ ಆ ಬಿಟ್ಟ ಭಾಗ ಪೂರ್ತಿ ಚರ್ಚೆಗೆ ಬಾರದ ಸಂಗತಿಗಳಿಗಿಂತಲೂ ಹೆಚ್ಚಾಗಿ ಅಳಿಸಿಹೋಯಿತು. ಮೇ ತಿಂಗಳ ಕಥೆಯನ್ನು ಮಾತ್ರ ಹೇಳುವ ವೇದಿಕೆ ಸೆಪ್ಟೆಂಬರಿನದನ್ನು, ಸೆಪ್ಟೆಂಬರಿನದನ್ನು ಮಾತ್ರ ಹೇಳುವ ಬರಹ ಮೇ ತಿಂಗಳದ್ದನ್ನು ಕೇಳುಗರ ಮನಸ್ಸಿನಿಂದ ಹೊರಗೆ ದೂಡುತ್ತದೆ. ಹಾಗೆ ದೂಡಬೇಕೆಂಬ ಉದ್ದೇಶ ಅಲ್ಲಿ ಇರಬೇಕಾಗಿಯೂ ಇಲ್ಲ. ಭಾಲ್ಕಿ, ಔರಾದ್, ಬೀದರಿನ ಹಳ್ಳಿಗಳಲ್ಲಿ ಉಳಿದಿರುವ ಕೆಲವೇ ಹಿರಿಯರ ಮಾತನ್ನು ಧ್ವನಿಮುದ್ರಿಸಲು ಕೂರುವವರು ಎರಡು ಕಾಲಗಳನ್ನೂ ಒಂದೇ ಬೈಠಕಿನಲ್ಲಿ ಕೇಳಬೇಕಾದದ್ದು ಈ ಕಾರಣಕ್ಕೆ. ಕಣ್ಣಾರೆ ಕಂಡದ್ದು ಯಾವುದು, ಮನೆಯಲ್ಲಿ ಕೇಳಿದ್ದು ಯಾವುದು, ಮೆರವಣಿಗೆಯ ಭಾಷಣದಿಂದ ಬಂದದ್ದು ಯಾವುದು ಎಂದು ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳಬೇಕು. ಈ ಕೆಲಸಕ್ಕೆ ಇನ್ನು ಉಳಿದಿರುವುದು ಕೆಲವೇ ವರ್ಷ.