ತಿದ್ದಬಾರದ ಗುರು

ಗುರುವಿನ ಕೆಲಸವೇನೆಂದು ಕೇಳಿದರೆ ‘ತಿದ್ದುವುದು’ ಎಂದು ನಮ್ಮಲ್ಲಿ ಯಾರಾದರೂ ಹೇಳಿಯಾರು. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಕಾಲದಿಂದಲೂ ಆ ಮಾತಿಗೂ ಈ ವೃತ್ತಿಗೂ ನಂಟು. ಆದರೆ ಶಿಷ್ಯನ ಬರಹವನ್ನು ತಿದ್ದಕೂಡದೆಂದು ಗುರುವಿಗೇ ಕಟ್ಟಳೆ ವಿಧಿಸಿದ ಪರೀಕ್ಷೆಯೊಂದು ಅಮೆರಿಕದಲ್ಲಿ ಹುಟ್ಟಿತು. ಎಡ್‌ಟಿಪಿಎ ಎಂದು ಅದರ ಹೆಸರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2013ರಲ್ಲಿ ಬಳಕೆಗೆ ಬಂದ ಇದು ಹಲವು ರಾಜ್ಯಗಳಲ್ಲಿ ಅಧ್ಯಾಪಕ ವೃತ್ತಿಯ ಪರವಾನಗಿಗೆ ಹೆಬ್ಬಾಗಿಲಾಯಿತು.

ಅಭ್ಯರ್ಥಿಯು ಶಾಲೆಯೊಂದರಲ್ಲಿ ಅನುಭವಿ ಅಧ್ಯಾಪಕರ ಬಳಿಯಿದ್ದು, ಒಂದಕ್ಕೊಂದು ಹೊಂದಿದ ಮೂರರಿಂದ ಐದು ಪಾಠಗಳನ್ನು ಯೋಜಿಸಬೇಕು; ಬೋಧನೆಯ ಕೆಲವು ನಿಮಿಷಗಳನ್ನು ಚಿತ್ರೀಕರಿಸಬೇಕು; ಮಕ್ಕಳು ಬರೆದುದನ್ನು ಪರಿಶೀಲಿಸಿ ಅವರು ಕಲಿತುದೇನೆಂದು ವಿವರಿಸಬೇಕು. ಬಹುತೇಕ ವಿಷಯಗಳಿಗೆ 15 ಮಾನದಂಡಗಳು. ಅಂಕ ಕೊಡುವವರು ಆ ತರಗತಿಯ ಹೊಸ್ತಿಲನ್ನೂ ಕಂಡವರಲ್ಲ.

ಮಾರ್ಗದರ್ಶಕರು ಇಲ್ಲಿ ಮಾನದಂಡಗಳ ಅರ್ಥವನ್ನು ವಿವರಿಸಬಹುದು, ಕರಡನ್ನು ಓದಿ ಪ್ರಶ್ನೆ ಕೇಳಬಹುದು. ವಾಕ್ಯ ತಿದ್ದುವಂತಿಲ್ಲ, ಉತ್ತರ ಸೂಚಿಸುವಂತಿಲ್ಲ, ಯಾವ ಚಿತ್ರಭಾಗವನ್ನು ಕಳುಹಿಸಬೇಕೆಂದು ಆರಿಸಿಕೊಡುವಂತಿಲ್ಲ. ಇದು ಕೈಕಟ್ಟಿ ಕೂರಿಸುವ ನಿಯಮವೆಂದು ತೋರೀತು. ನನಗೆ ಹಾಗೆನ್ನಿಸದು. ‘ಮಕ್ಕಳಿಗೆ ರೂಪಕ ಅರ್ಥವಾಯಿತು’ ಎಂದು ಅಭ್ಯರ್ಥಿ ಬರೆದಿದ್ದಾರೆನ್ನಿ. ಆ ವಾಕ್ಯಕ್ಕೆ ಬದಲಾಗಿ ಇನ್ನೊಂದನ್ನು ಬರೆದುಕೊಡುವುದು ಸುಲಭ. ‘ಅರ್ಥವಾಯಿತೆಂದು ನಿಮಗೆ ಹೇಗೆ ತಿಳಿಯಿತು? ಯಾವ ಮಗುವಿನ ಯಾವ ಮಾತಿನಿಂದ?’ ಎಂದು ಕೇಳಿ ಸುಮ್ಮನಿರುವುದು ಕಷ್ಟ. ಆ ಮೌನದಲ್ಲಿ ಅಭ್ಯರ್ಥಿ ಮಕ್ಕಳ ಹಾಳೆಗಳನ್ನು ಮತ್ತೆ ತಿರುವಿಹಾಕುತ್ತಾರೆ. ಚಿತ್ರದ ವಿಷಯವೂ ಹಾಗೆಯೇ. ತರಗತಿ ನಿಶ್ಶಬ್ದವಾಗಿದ್ದು ತಾನೊಬ್ಬನೇ ಸೊಗಸಾಗಿ ಮಾತಾಡಿದ ಭಾಗವನ್ನೇ ಎಳೆಯ ಅಧ್ಯಾಪಕನ ಮನಸ್ಸು ಬಯಸುತ್ತದೆ. ‘ಇದರಲ್ಲಿ ಮಕ್ಕಳ ದನಿ ಎಷ್ಟು ಕೇಳುತ್ತದೆ?’ ಎಂಬ ಒಂದು ಪ್ರಶ್ನೆ ಸಾಕು.

ಪರೀಕ್ಷೆಗೆ ಮುಂಚಿನ ನೆರವು ಇನ್ನೂ ದೊಡ್ಡದು: ತರಗತಿಯನ್ನು ಬೇಗನೆ ಬಿಟ್ಟುಕೊಡುವುದು, ತಾವು ಪಾಠದ ನಡುವೆ ದಾರಿ ಬದಲಿಸಿದಾಗ ಏಕೆಂದು ಬಾಯಿಬಿಟ್ಟು ಹೇಳುವುದು, ಚಿತ್ರೀಕರಣಕ್ಕೆ ಪೋಷಕರ ಒಪ್ಪಿಗೆ ಪಡೆಯುವುದರಲ್ಲಿ ಜೊತೆಯಾಗುವುದು.

ಪರೀಕ್ಷೆಯ ಕಡ್ಡಾಯ ಮಾತ್ರ ಕೆಲವೆಡೆ ಬಹುಕಾಲ ಬಾಳಲಿಲ್ಲ. 300 ಡಾಲರು ಶುಲ್ಕ, ಮುಗಿಯದ ಬರವಣಿಗೆ. ಜಾರ್ಜಿಯ 2020ರಲ್ಲಿ, ವಾಷಿಂಗ್ಟನ್ ರಾಜ್ಯ 2021ರಲ್ಲಿ, ನ್ಯೂಯಾರ್ಕ್ 2022ರಲ್ಲಿ ಇದನ್ನು ಕಡ್ಡಾಯವಲ್ಲವೆಂದು ಕೈಬಿಟ್ಟವು. ಬಿಟ್ಟುದು ನ್ಯಾಯವೇ ಇರಬಹುದು. ಆದರೂ ಆ ಪ್ರಶ್ನೆ ಕೇಳುವ ಪದ್ಧತಿ ಪರೀಕ್ಷೆಯೊಡನೆ ಹೋಗಬೇಕಾದುದಲ್ಲ.

ನಮ್ಮ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 150 ಪ್ರಶ್ನೆಗಳು. ಉತ್ತರ ಗುರುತಿಸಿದರಾಯಿತು, ತರಗತಿಯ ಸೋಂಕಿಲ್ಲ. ತರಗತಿಯನ್ನು ನೋಡುವ ಅವಕಾಶವಿರುವುದು ಬಿ.ಎಡ್. ವ್ಯಾಸಂಗದಲ್ಲಿ. 2014ರ ನಿಯಮಾವಳಿ ಅದನ್ನು ಎರಡು ವರ್ಷಕ್ಕೇರಿಸಿ ಶಾಲಾನುಭವಕ್ಕೆ 20 ವಾರಗಳನ್ನು ಗೊತ್ತುಪಡಿಸಿತು. ಅಷ್ಟು ದೀರ್ಘ ಅವಧಿಯಲ್ಲಿಯೂ ಹಿಂದಿನ ವರ್ಷದವರ ಪಾಠಯೋಜನೆ ಕೈಯಿಂದ ಕೈಗೆ ಸಾಗಿ, ಹೊಸ ಅಕ್ಷರದಲ್ಲಿ ಹಳೆಯ ಪಾಠವಾಗಿ ಸಹಿ ಪಡೆಯುವುದುಂಟು, ಬಲ್ಲವರು ಬಲ್ಲರು. ಸಹಿಗೆ ಮುನ್ನ ಎರಡು ಪ್ರಶ್ನೆ ಕೇಳಲು ಕಾಲು ಗಂಟೆ ಬೇಕು. ದಿನಕ್ಕೆ ಐದಾರು ಅವಧಿ ಪಾಠ ಮಾಡುವ ಶಾಲಾ ಅಧ್ಯಾಪಕರಿಗೆ ಆ ಬಿಡುವನ್ನು ಒದಗಿಸುವ ಬಗೆಯನ್ನು ಶಿಕ್ಷಣ ಕಾಲೇಜುಗಳೂ ಇಲಾಖೆಯೂ ಕೂಡಿ ಯೋಚಿಸಬೇಕಾಗಿದೆ.